ಭತ್ತ ಕೊಯ್ಯುವ ಯಂತ್ರದ ಮೆಟ್ಟಿಲಿಗೆ ಎಂಥ ಬೋಲ್ಟು

ಕಂಬೈನ್ ಹಾರ್ವೆಸ್ಟರಿನಲ್ಲಿ ಚಾಲಕ ಹತ್ತುವ ಮೆಟ್ಟಿಲು ಯಂತ್ರದ ಜೊತೆಗೇ ಬಂದಿರುತ್ತದೆ. ಬಂದ ಹಾಗೇ ಉಳಿಯುವುದು ಅಪರೂಪ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ ಕಡೆಯ ಗದ್ದೆಗಳಲ್ಲಿ ಒಡ್ಡಿಗೆ ತಾಗಿ ಅದು ಮಣಿಯುತ್ತದೆ. ಯಲಬುರ್ಗಾದ ಎರೆ ಹೊಲದಲ್ಲಿ ಟ್ರ್ಯಾಕ್ಟರಿನ ಫುಟ್‌ಸ್ಟೆಪ್ಪಿಗೆ ಗಟ್ಟಿ ಹೆಂಟೆ ಬಡಿಯುತ್ತದೆ. ಕುಷ್ಟಗಿ ಕಡೆ ರಾಶಿ ಮಷೀನಿನ ಅಲುಗಾಟವೇ ಮೆಟ್ಟಿಲನ್ನು ಸಡಿಲಿಸುತ್ತದೆ. ಆಮೇಲೆ ಅದು ಊರಿನ ವೆಲ್ಡಿಂಗ್ ಅಂಗಡಿಯ ಕೆಲಸ. ಹೊಸ ಮೆಟ್ಟಿಲು ಮಾಡುವುದು ಕಷ್ಟವಲ್ಲ. ಅದನ್ನು ಯಾವುದರಿಂದ, ಹೇಗೆ ಬಿಗಿಯಬೇಕು ಎನ್ನುವಲ್ಲಿ ಎಡವಟ್ಟಾಗುತ್ತದೆ.

ಮೊದಲು ಭಾರದ ಲೆಕ್ಕ. 80 ಕಿಲೋ ತೂಕದ ಚಾಲಕ 20 ಲೀಟರ್ ಡೀಸೆಲ್ ಕ್ಯಾನ್ ಹಿಡಿದು ಹತ್ತಿದರೆ ಸುಮಾರು 100 ಕಿಲೋ. ಅವನು ನಿಧಾನಕ್ಕೆ ಕಾಲಿಡುವುದಿಲ್ಲ, ಜಿಗಿಯುತ್ತಾನೆ. ಆದ್ದರಿಂದ 250 ಕಿಲೋ ಎಂದು ಹಿಡಿಯುವುದು ಲೇಸು. ಮೆಟ್ಟಿಲು ಫ್ರೇಮಿನಿಂದ 250 ಮಿಲಿಮೀಟರ್ ಹೊರಚಾಚಿದ್ದು, ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 100 ಮಿಲಿಮೀಟರ್ ಅಂತರವಿದ್ದರೆ, ಮೇಲಿನ ಜೋಡಿಯ ಮೇಲೆ ಬೀಳುವ ಎಳೆತ 625 ಕಿಲೋ. ಒಂದೊಂದಕ್ಕೆ 310ರ ಆಸುಪಾಸು. ಬೋಲ್ಟುಗಳ ನಡುವಿನ ಅಂತರ ಹೆಚ್ಚಿಸಿದಷ್ಟೂ ಈ ಎಳೆತ ತಗ್ಗುತ್ತದೆ. ಬೋಲ್ಟಿನ ದಪ್ಪ ಹೆಚ್ಚಿಸುವುದಕ್ಕಿಂತ ಇದು ಅಗ್ಗದ ಉಪಾಯ, ಆದರೂ ಅಂಗಡಿಗಳಲ್ಲಿ ಕಾಣುವುದು ಕಡಿಮೆ.

ಇನ್ನು ಬೋಲ್ಟಿನ ಶಕ್ತಿ. ತಲೆಯ ಮೇಲೆ 4.6 ಎಂದಿರುವ, ಇಲ್ಲವೇ ಏನೂ ಬರೆಯದ ಸಾದಾ 10 ಎಂಎಂ ಬೋಲ್ಟು ಕೂಡ ಸುಮಾರು 1,300 ಕಿಲೋ ಎಳೆತವನ್ನು ಹಿಗ್ಗದೆ ತಾಳುತ್ತದೆ. 8.8 ಗುರುತಿನದು 3,400 ಕಿಲೋದವರೆಗೆ ತಾಳುತ್ತದೆ. ಬೇಕಾದದ್ದು 310. ಹಾಗಿದ್ದರೆ ಸಾದಾ ಬೋಲ್ಟು ಸಾಕಲ್ಲವೇ? ಸಾಲದು. ಬೋಲ್ಟಿನ ನಿಜವಾದ ಕೆಲಸ ಭಾರ ಹೊರುವುದಲ್ಲ, ಎರಡು ತಗಡುಗಳನ್ನು ಒಂದಕ್ಕೊಂದು ಜಾರದಂತೆ ಒತ್ತಿ ಹಿಡಿಯುವುದು. ಸಾದಾ ಬೋಲ್ಟನ್ನು 20 ನ್ಯೂಟನ್ ಮೀಟರಿಗಿಂತ ಹೆಚ್ಚು ಬಿಗಿದರೆ ಅದೇ ಹಿಗ್ಗತೊಡಗುತ್ತದೆ. ಹೀಗಾಗಿ ಅದರ ಒತ್ತು ಒಂದು ಟನ್ನಿನ ಒಳಗೇ ಉಳಿಯುತ್ತದೆ. 8.8 ಬೋಲ್ಟನ್ನು 50ರವರೆಗೆ ಬಿಗಿಯಬಹುದು, ಒತ್ತು ಎರಡೂವರೆ ಟನ್ನಿಗೆ ಏರುತ್ತದೆ. ಟಾರ್ಕ್ ರೆಂಚ್ ಇಲ್ಲದ ಕಡೆ 20 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ 25 ಕಿಲೋದಷ್ಟು ಎಳೆತ ಕೊಟ್ಟರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಪಾನಾಕ್ಕೆ ಪೈಪು ತೂರಿಸಿ ಮೈಭಾರ ಹಾಕುವ ರೂಢಿ 10 ಎಂಎಂ ಬೋಲ್ಟಿಗೆ ಹೇಳಿದ್ದಲ್ಲ.

ಮನೆಯಂಗಳದಲ್ಲೇ ಸಣ್ಣ ವಿಮಾನ ಕಟ್ಟುವ ಹವ್ಯಾಸಿಗಳು ಅಮೆರಿಕ, ಯುರೋಪಿನಲ್ಲಿ ಸಾವಿರಾರು ಮಂದಿ. ವಿಮಾನಕ್ಕೆ ಹತ್ತುವ ಮೆಟ್ಟಿಲನ್ನು ಕೂರಿಸುವಾಗ ಅವರ ಮುಂದೆಯೂ ಇದೇ ಪ್ರಶ್ನೆ. ಅವರು ಬಳಸುವ ಎಎನ್ ಸರಣಿಯ ಬೋಲ್ಟು ಚದರ ಇಂಚಿಗೆ 1,25,000 ಪೌಂಡ್ ಎಳೆತ ತಾಳುತ್ತದೆ. ದೊಡ್ಡ ಅಂಕಿ ಎನ್ನಿಸಬಹುದು, ಆದರೆ ಅದು 8.8 ಬೋಲ್ಟಿಗಿಂತ ತುಸುವೇ ಮೇಲು. ವ್ಯತ್ಯಾಸವಿರುವುದು ಬಳಸುವ ಕ್ರಮದಲ್ಲಿ. ಜೋಡಿಸುವ ತಗಡುಗಳ ಒಟ್ಟು ದಪ್ಪ ಅಳೆದು, ಥ್ರೆಡ್ಡಿಲ್ಲದ ನುಣುಪು ಭಾಗ ಅಷ್ಟೇ ಇರುವ ಬೋಲ್ಟನ್ನು ಅವರು ಆರಿಸುತ್ತಾರೆ. ತೂತಿನ ಒಳಗೆ ಥ್ರೆಡ್ ಕೂರುವುದಿಲ್ಲ, ನಟ್ಟಿನಾಚೆ ಒಂದೆರಡು ಸುತ್ತಷ್ಟೇ ಹೊರಗೆ ಕಾಣುತ್ತದೆ. ನಮ್ಮ ಅಂಗಡಿಗಳಲ್ಲಿ ಕೈಗೆ ಸಿಗುವುದು ಫುಲ್ ಥ್ರೆಡ್ ಬೋಲ್ಟು. ಅದರ ಥ್ರೆಡ್ಡು ತೂತಿನ ಅಂಚನ್ನು ಗರಗಸದಂತೆ ಕೊರೆದು ತೂತನ್ನು ದೊಡ್ಡದು ಮಾಡುತ್ತದೆ. ಹಾಫ್ ಥ್ರೆಡ್ ಕೇಳಿ ತರುವುದು ನಾಲ್ಕು ರೂಪಾಯಿ ಹೆಚ್ಚಿನ ಮಾತು, ಅಷ್ಟೆ.

ಸ್ಪ್ರಿಂಗ್ ವಾಷರಿನ ಮೇಲೆ ನಮ್ಮಲ್ಲಿರುವ ನಂಬಿಕೆ ದೊಡ್ಡದು. ಬೋಲ್ಟನ್ನು ಅಡ್ಡಡ್ಡ ಅಲುಗಾಡಿಸಿ ನಟ್ಟು ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿಕೊಟ್ಟ. ಆ ಬಗೆಯ ಪರೀಕ್ಷೆಗಳಲ್ಲಿ ಸೀಳಿದ ಸ್ಪ್ರಿಂಗ್ ವಾಷರಿನಿಂದ ಹೇಳಿಕೊಳ್ಳುವಂಥ ಉಪಕಾರವಾಗುವುದಿಲ್ಲ. ಬಿಗಿದಾಗ ಅದು ಚಪ್ಪಟೆಯಾಗಿ ಸಾದಾ ವಾಷರೇ ಆಗಿಬಿಡುತ್ತದೆ. ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟು ಎಷ್ಟೋ ಮೇಲು. ಎರಡು ಎಚ್ಚರಿಕೆ ಮಾತ್ರ ಬೇಕು. ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೈಲಾನ್ ಕೈಕೊಡುತ್ತದೆ, ಹಾಗಾಗಿ ಸೈಲೆನ್ಸರಿನ ಮಗ್ಗುಲಲ್ಲಿ ಪೂರ್ತಿ ಲೋಹದ ಲಾಕ್ ನಟ್ಟೇ ಆಗಬೇಕು. ಮಡಚುವ ಮೆಟ್ಟಿಲಿನ ತಿರುಗುವ ಕೀಲಿಗೂ ನೈಲಾಕ್ ಸಲ್ಲದು. ಅಲ್ಲಿ ಕಿರೀಟದಂತೆ ಕಚ್ಚುಗಳಿರುವ ನಟ್ಟು ಹಾಕಿ ಪಿನ್ನು ತೂರಿಸಬೇಕು. ವಿಮಾನದವರ ನಿಯಮವೂ ಇದೇ.

ಬೋಲ್ಟಿಗಿಂತ ಮೊದಲು ಸೋಲುವುದು ಅದರ ಕೆಳಗಿನ ತಗಡು. ಎರಡು ಮಿಲಿಮೀಟರ್ ತಗಡಿಗೆ ಎಂಥ ಬೋಲ್ಟು ಹಾಕಿದರೂ ನಾಲ್ಕು ದಿನಕ್ಕೆ ಸೀಳುತ್ತದೆ. ಹಿಂಬದಿಗೆ ಐದಾರು ಮಿಲಿಮೀಟರಿನ ಪಟ್ಟಿ ಕೊಟ್ಟು ಬೋಲ್ಟುಗಳನ್ನೆಲ್ಲ ಅದರ ಮೂಲಕವೇ ತರಬೇಕು. ಹಿಂದೆ ಕೈ ಹೋಗದ ಜಾಗದಲ್ಲಿ ಪಾಪ್ ರಿವೆಟ್ ಹೊಡೆಯುವುದುಂಟು. ನಂಬರ್ ಪ್ಲೇಟಿಗೆ ಅದು ಸರಿ, ಮನುಷ್ಯ ಕಾಲಿಡುವ ಕಡೆಗಲ್ಲ. ಅದರ ಬದಲು ಪಟ್ಟಿಗೆ ಮೊದಲೇ ನಟ್ಟು ವೆಲ್ಡ್ ಮಾಡಿಸಿ ಒಳಗೆ ಇಳಿಬಿಡಬಹುದು. ನಟ್ಟು ಸಾದಾ ಆಗಿರಲಿ, ವೆಲ್ಡಿಂಗ್ ಬಿಸಿಗೆ ನೈಲಾನ್ ಕರಗಿಹೋಗುತ್ತದೆ.

ಮೆಟ್ಟಿಲನ್ನೇ ಫ್ರೇಮಿಗೆ ವೆಲ್ಡ್ ಮಾಡಿದರೆ ಈ ತಾಪತ್ರಯವೇ ಇಲ್ಲವಲ್ಲ ಎನ್ನುವವರಿದ್ದಾರೆ. ಒಡ್ಡಿಗೆ ಬಡಿದ ದಿನ ಉತ್ತರ ಸಿಗುತ್ತದೆ: ಬೋಲ್ಟಿನ ಮೆಟ್ಟಿಲಾದರೆ ಬೋಲ್ಟು ತುಂಡಾಗಿ ಮೆಟ್ಟಿಲು ಕಳಚುತ್ತದೆ, ವೆಲ್ಡ್ ಮಾಡಿದ್ದಾದರೆ ಫ್ರೇಮೇ ಬಿರುಕು ಬಿಡುತ್ತದೆ. ಇದೇ ಕಾರಣಕ್ಕೆ 12.9ರ ಕಪ್ಪು ಅಲೆನ್ ಬೋಲ್ಟು ಕೂಡ ಇಲ್ಲಿ ಬೇಡ.

ಗದ್ದೆಯ ಕೆಸರು, ಗೊಬ್ಬರ ಎರಡೂ ತುಕ್ಕಿಗೆ ಹಿತ. ಕಪ್ಪು ಬೋಲ್ಟಿಗಿಂತ ಸತುವಿನ ಲೇಪವಿರುವುದು ಬಾಳಿಕೆ ಬರುತ್ತದೆ. ಸ್ಟೇನ್‌ಲೆಸ್ ಬೋಲ್ಟು ತುಕ್ಕು ಹಿಡಿಯದು, ಆದರೆ ಸಾಮಾನ್ಯವಾಗಿ ಸಿಗುವ ಬಗೆಯದರ ಬಲ 8.8ರ ಮುಕ್ಕಾಲು ಪಾಲು. ಗ್ರೀಸ್ ಹಚ್ಚದೆ ಬಿಗಿದರೆ ಥ್ರೆಡ್ ಕಚ್ಚಿಕೊಂಡು ಮತ್ತೆ ಬಿಚ್ಚಲು ಬರುವುದಿಲ್ಲ. ಬಣ್ಣದ ವಿಷಯ ಚಿಕ್ಕದೆನಿಸಿದರೂ ಮುಖ್ಯ. ವಾಷರಿನ ಅಡಿಯಲ್ಲಿ ದಪ್ಪ ಬಣ್ಣವಿದ್ದರೆ ಅದು ಕ್ರಮೇಣ ಒತ್ತಿಹೋಗಿ ಬಿಗಿತ ಸಡಿಲುತ್ತದೆ. ಕೆರೆದು, ಬಿಗಿದು, ಆಮೇಲೆ ಬಣ್ಣ ಬಳಿಯಬೇಕು.

ಮೊದಲ ದಿನದ ಕೊಯ್ಲು ಮುಗಿದ ಮೇಲೆ ಒಮ್ಮೆ ಪಾನಾ ಹಾಕಿ ನೋಡಿ, ನಟ್ಟಿನಿಂದ ತಗಡಿನವರೆಗೆ ಬಣ್ಣದ ಒಂದು ಗೆರೆ ಎಳೆದಿಡುವುದು ವಾಡಿಕೆಯಾಗಬೇಕು. ಗೆರೆ ಸರಿದಿದ್ದರೆ ಬರೀ ಬಿಗಿದು ಬಿಡದೆ ಬಿಚ್ಚಿ ನೋಡಬೇಕು. ಬೆರಳಲ್ಲೇ ತಿರುಗುವಷ್ಟು ಸವೆದ ನೈಲಾಕ್ ನಟ್ಟನ್ನು ಎಸೆಯಬೇಕು. ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ 13 ಎಂಎಂಗೆ ಕೊರೆದು 12ರ ಬೋಲ್ಟು ಹಾಕಬಹುದು. ತೂತಿನ ನಡುವಿನಿಂದ ತಗಡಿನ ಅಂಚಿಗೆ 24 ಮಿಲಿಮೀಟರ್ ಉಳಿಯದಿದ್ದರೆ ಆ ಜಾಗ ಬಿಟ್ಟು ಬೇರೆ ಕಡೆ ಕೊರೆಯಬೇಕು.