ನೀರಿನೊತ್ತಡವೂ ಹಂಚಿಕೊಂಡ ಅರಿವೂ

ತಗಡಿನ ಡಬ್ಬಿಯಲ್ಲಿ ಸ್ವಲ್ಪ ನೀರನ್ನು ಕುದಿಸಿ, ಉರಿಯಿಂದ ಕೆಳಗಿಳಿಸಿದ ಮೇಲೆ ಬಿರಡೆಯನ್ನು ಬಿಗಿದು, ತಣ್ಣೀರೆರೆಯುವ ಪ್ರಯೋಗವನ್ನು ನೀವು ತರಗತಿಯಲ್ಲಿ ನೋಡಿರಬಹುದು. ಒಳಗಿನ ಹಬೆ ನೀರಾದೊಡನೆ ಹೊರಗಿನ ಗಾಳಿಯು ಡಬ್ಬಿಯನ್ನು ನಜ್ಜುಗುಜ್ಜು ಮಾಡುತ್ತದೆ. ಇದು ಕೇವಲ ಒಂದು ವಾಯುಮಂಡಲದ ಒತ್ತಡ. ಸಮುದ್ರದಲ್ಲಿ 10 ಮೀಟರ್ ಇಳಿದಂತೆಲ್ಲ ಹೆಚ್ಚುಕಡಿಮೆ ಅಷ್ಟೇ ಒತ್ತಡ ಮತ್ತೆ ಸೇರುತ್ತ ಹೋಗುತ್ತದೆ. 50 ಮೀಟರ್ ಆಳದಲ್ಲಿ, 20 ಸೆಂಟಿಮೀಟರ್ ವ್ಯಾಸದ ಕಿಟಕಿಯನ್ನು ಒಳಕ್ಕೆ ನೂಕುವ ಬಲವು ಸುಮಾರು 1,600 ಕಿಲೋಗ್ರಾಂ ತೂಕಕ್ಕೆ ಸಮನಾಗಿರುತ್ತದೆ!

ಇಂತಹ ನೀರಿಗಿಳಿಯುವ ಪುಟ್ಟ ಸಬ್‌ಮರೀನುಗಳನ್ನು ಹವ್ಯಾಸಕ್ಕಾಗಿ ತಾವೇ ಕಟ್ಟಿಕೊಳ್ಳುವವರು ಅಮೆರಿಕ, ಯೂರೋಪುಗಳಲ್ಲಿದ್ದಾರೆ. ಅಮೆರಿಕದ ನೌಕಾದಳದಿಂದ ನಿವೃತ್ತರಾದ ಜಾರ್ಜ್ ಕಿಟ್ರಿಜ್ ಎಂಬವರು ಅಂತಹವರಿಗೆ ಕೆ-250 ಎಂಬ ನೌಕೆಯ ನಕ್ಷೆಗಳನ್ನು ಮಾರುತ್ತಿದ್ದರು. 250 ಎಂಬುದು ಅದು ಇಳಿಯಬಹುದಾದ ಆಳ, ಅಡಿಗಳಲ್ಲಿ. ಒಬ್ಬನು ಮತ್ತೊಬ್ಬನಿಗೆ ಈ ಸಂಖ್ಯೆಯೊಂದನ್ನೇ ತಿಳಿಸಿದರೆ ಸಾಕೆ?

ಸಾಲದು. ಉದ್ದವಾದ ತೆಳು ಕೊಳವೆಯು ಹೊರಗಿನ ಒತ್ತಡಕ್ಕೆ ಸಿಕ್ಕಾಗ, ಲೋಹವು ಮುರಿಯುವ ಮೊದಲೇ ಒಮ್ಮೆಗೇ ಚಪ್ಪಟೆಯಾಗಿ ಕುಸಿಯುತ್ತದೆ. ಅದು ತಾಳಬಲ್ಲ ಒತ್ತಡವು ಗೋಡೆಯ ದಪ್ಪಕ್ಕೂ ವ್ಯಾಸಕ್ಕೂ ಇರುವ ನಿಷ್ಪತ್ತಿಯ ಘನವನ್ನು ಅನುಸರಿಸುತ್ತದೆ. ದಪ್ಪವು ಅರ್ಧವಾದರೆ ತಾಳಿಕೆಯು ಎಂಟರಲ್ಲೊಂದು ಪಾಲಾಗುತ್ತದೆ. ದುಂಡಿನಲ್ಲಿ ತುಸು ಊನವಿದ್ದರೂ ಇನ್ನಷ್ಟು ಕುಗ್ಗುತ್ತದೆ. ಆದುದರಿಂದಲೇ ಕೊಳವೆಗೆ ಉಕ್ಕಿನ ಬಳೆಗಳನ್ನು ಬೆಸೆಯುತ್ತಾರೆ. "ನನ್ನ ನೌಕೆ ಇಷ್ಟು ಆಳವನ್ನು ತಾಳಿತು" ಎನ್ನುವವನು ಉಕ್ಕಿನ ಬಗೆ, ದಪ್ಪ, ಬಳೆಗಳ ಅಂತರ, ದುಂಡಿನ ಊನ, ಪರೀಕ್ಷೆಯ ಕ್ರಮ ಇವುಗಳನ್ನು ಹೇಳದೆ ಬಿಟ್ಟರೆ, ಆ ಮಾತನ್ನು ನಂಬಿದವನು ಪ್ರಾಣವನ್ನೇ ತೆರಬೇಕಾದೀತು. ಬಲ್ಲವರು ಮೊದಲು ಬರಿಯ ನೌಕೆಯನ್ನು, ಒಳಗೆ ಯಾರೂ ಇಲ್ಲದೆ, ಹಗ್ಗ ಕಟ್ಟಿ ಮಿತಿಗಿಂತ ಆಳಕ್ಕೆ ಇಳಿಸಿ ನೋಡುತ್ತಾರೆ.

ಗೆಲುವಿನಷ್ಟೇ ಸೋಲನ್ನೂ ತಿಳಿಸಬೇಕು. ಅಮೆರಿಕದ ನೌಕಾದಳದ ಪ್ರಯೋಗಾಲಯಗಳಲ್ಲಿ ಜೆರ್ರಿ ಸ್ಟಾಖಿವ್ ಎಂಬವರು ಆಕ್ರಿಲಿಕ್ ಕಿಟಕಿಗಳನ್ನು ಬೇಕೆಂದೇ ಒಡೆಯುವವರೆಗೆ ಒತ್ತಿ, ಆ ಫಲಿತಾಂಶಗಳನ್ನು ಪ್ರಕಟಿಸಿದರು. ಇಂದಿನ ಕಿಟಕಿಗಳ ನಿಯಮಗಳಿಗೆ ಅವೇ ತಳಹದಿ. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಟೈಟನ್ ಎಂಬ ನೌಕೆಯು ಹವ್ಯಾಸಿಗಳದಲ್ಲ; ಆದರೂ ಸ್ವತಂತ್ರ ಸಂಸ್ಥೆಯ ಪ್ರಮಾಣೀಕರಣಕ್ಕೆ ಅದನ್ನು ಒಪ್ಪಿಸಿರಲಿಲ್ಲ. 2018ರಲ್ಲಿಯೇ ಈ ಕ್ಷೇತ್ರದ ತಜ್ಞರು ಬರೆದು ಎಚ್ಚರಿಸಿದ್ದರು. 2023ರ ಜೂನ್ 18ರಂದು ಅದು ಅಟ್ಲಾಂಟಿಕ್ ಸಾಗರದಲ್ಲಿ ಕುಸಿದು, ಒಳಗಿದ್ದ 5 ಮಂದಿಯೂ ಮಡಿದರು.

ವಿದ್ಯಾರ್ಥಿಗಳೇ, ನಿಮ್ಮ ಪ್ರಯೋಗದ ಪುಸ್ತಕದಲ್ಲಿ ಹೊಂದದ ಅಳತೆಯೊಂದು ಬಂದಾಗ ಅದನ್ನು ಅಳಿಸಬೇಡಿರಿ. ಯಾವ ಸ್ಥಿತಿಯಲ್ಲಿ ಬಂದಿತೆಂಬುದನ್ನೂ ಪಕ್ಕದಲ್ಲಿ ಬರೆದಿಡಿರಿ. ಮುಂದೆ ಅದನ್ನು ಓದುವವನಿಗೆ ಎಲ್ಲಕ್ಕಿಂತ ಬೇಕಾದುದು ಅದೇ ಇರಬಹುದು.