ಒಂದು ಬೆಳಿಗ್ಗೆಗೆ ಒಂದೇ ದಡ

ಮಗಾ, ನೀನು ಕಳಿಸಿದ ಪಟ್ಟಿ ನೋಡಿದೆ. ಬೆಳಿಗ್ಗೆ ಮಣಿಪಾಲದ ಮಣ್ಣಪಳ್ಳಕ್ಕೆ ಒಂದು ಸುತ್ತು, ಅಲ್ಲಿಂದ ಕಾರ್ಕಳದ ಆನೆಕೆರೆ, ಗೊಮ್ಮಟ ಬೆಟ್ಟ, ಸಂಜೆಗೆ ಕಾಪು ದೀಪಸ್ತಂಭದ ಹತ್ತಿರ ಸೂರ್ಯಾಸ್ತ. ಉಡುಪಿಯಿಂದ ಕಾರ್ಕಳಕ್ಕೇ ಹತ್ತಿರ ಹತ್ತಿರ 40 ಕಿಲೋಮೀಟರ್ ಉಂಟು ಮಾರಾಯ. ನಿನ್ನ ಸಣ್ಣ ಮಗಳಿಗೆ ಕೊನೆಗೆ ನೆನಪುಳಿಯುವುದು ಕಾರಿನ ಸೀಟು ಮಾತ್ರ. 1432ರಿಂದ ನಿಂತಿರುವ ಗೊಮ್ಮಟ ಮುಂದಿನ ರಜೆಗೂ ಅಲ್ಲೇ ಇರುತ್ತಾನೆ. (ಹೋಗುವಾಗ ಬಂಡೆ ಕಾಯುವ ಮೊದಲೇ ಹೋಗು, ಮೇಲೆ ಬರಿಗಾಲು.) ಈ ಸಲ ಒಂದೇ ದಡ ಹಿಡಿ. ನನ್ನನ್ನು ಕೇಳಿದರೆ ಪಡುಕರೆ.

ಮಲ್ಪೆ ಕಡೆಯಿಂದ ಸೇತುವೆ ದಾಟಿ ದಕ್ಷಿಣಕ್ಕೆ ತಿರುಗಿದರೆ ಮಟ್ಟುವಿನವರೆಗೂ ನೆಲವೆಂದರೆ ಒಂದು ಸಪೂರ ಪಟ್ಟಿ. ಬಲಗಡೆ ಕಡಲು, ಎಡಗಡೆ ಉದ್ಯಾವರ ಹೊಳೆ. ಕಡಲು ಇಷ್ಟು ಹತ್ತಿರವಿದ್ದರೂ ಹೊಳೆ ನೇರ ಹೋಗಿ ಸೇರುವುದಿಲ್ಲ. ಅಲೆಗಳು ತಂದು ಪೇರಿಸಿದ ಮರಳು ಅಡ್ಡ ನಿಂತದ್ದರಿಂದ ಅದು ಉತ್ತರಕ್ಕೆ ಹೊರಳಿ, ಮಲ್ಪೆಯವರೆಗೆ ನಡೆದು ಅಲ್ಲಿ ಅಳಿವೆ ಮಾಡಿಕೊಂಡಿದೆ. ಈ ಕಡೆ ಅಲೆಯ ಅಬ್ಬರ, ಆ ಕಡೆ ಕದಡದ ನೀರು. ಇದನ್ನು ಪಾಠ ಮಾಡಬೇಡ, ಅವಳೇ ಕೇಳುತ್ತಾಳೆ.

ಬೆಳಿಗ್ಗೆಯೇ ಹೊರಡಿ. ಸೂರ್ಯ ತೋಟದ ಹಿಂದಿರುವಾಗ ತೆಂಗಿನ ನೆರಳು ಮರಳಿನ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ. ನೆರಳೆಂದು ಮರದ ಬುಡದಲ್ಲಿ ಕೂರಬೇಡಿ, ಕಾಯಿ ಬೀಳುವ ಮೊದಲು ಹೇಳಿ ಬೀಳುವುದಿಲ್ಲ. ಇಳಿತದ ಹೊತ್ತಾದರೆ ಒದ್ದೆ ಮರಳು ಗಟ್ಟಿಯಿರುತ್ತದೆ, ಸಣ್ಣ ಕಾಲುಗಳು ಹೂತು ಸುಸ್ತಾಗುವುದಿಲ್ಲ. ಉಬ್ಬರ-ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಹಿಂದಿನ ದಿನವೇ ಅಲ್ಲಿಯವರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಎರಡು ಕಿಲೋಮೀಟರ್ ನಡೆದರೆ ಧಾರಾಳ. ಅದೂ ಮುಗಿಯಲಿಕ್ಕಿಲ್ಲ, ಯಾಕೆಂದರೆ ಏಡಿಗಳುಂಟು. ಇಳಿತದಲ್ಲಿ ಉಗುರಿನಷ್ಟು ಸಣ್ಣ ಏಡಿ ಬಿಲದಿಂದ ಹೊರಬಂದು ಮರಳನ್ನು ಬಾಯಿಗೆ ಹಾಕಿ, ಅದರೊಳಗಿನ ತಿನ್ನುವಂಥದ್ದನ್ನು ಸೋಸಿಕೊಂಡು, ಉಳಿದದ್ದನ್ನು ಸಾಸಿವೆ-ಕಡಲೆ ಗಾತ್ರದ ಉಂಡೆ ಮಾಡಿ ಬಿಡುತ್ತದೆ. ಬಿಲದ ಸುತ್ತ ಆ ಉಂಡೆಗಳದ್ದೇ ರಂಗೋಲಿ. ಹೆಜ್ಜೆ ಸದ್ದಾದರೆ ಏಡಿ ಒಳಗೆ. ಅಲುಗಾಡದೆ ಕೂತರೆ ಮತ್ತೆ ಬರುತ್ತದೆ. ಮಗಳು ಅಲ್ಲಿ ಕುಕ್ಕರಗಾಲಲ್ಲಿ ಕೂತರೆ "ಬಾ, ಹೊತ್ತಾಯ್ತು" ಅನ್ನಬೇಡ. ಯಾವ ಹೊತ್ತು? ನಿಮಗೆ ಮುಟ್ಟಬೇಕಾದ ಊರೇ ಇಲ್ಲವಲ್ಲ. ಮುಂದೆ ಮುಂದೆ ಹೋಗಿ ತಿರುಗಿ ಕರೆಯುವ ಅಪ್ಪಂದಿರನ್ನು ತುಂಬ ನೋಡಿದ್ದೇನೆ. ನೀನು ಹಿಂದೆ ನಡೆ, ಅವಳು ಮುಂದಿರಲಿ.

ನೀರಿನ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಪಾದ ನೆನೆಯುವಷ್ಟು ಸಾಕು, ಅದೂ ಕೈ ಹಿಡಿದು. ಈಜು ಬರುತ್ತದೆಂಬ ಧೈರ್ಯ ಸೆಳೆತದ ಮುಂದೆ ನಡೆಯುವುದಿಲ್ಲ. ಕೊರೆತ ತಡೆಯಲು ರಾಶಿ ಹಾಕಿದ ಕಲ್ಲುಗಳ ಮೇಲೆ ನಿಂತು ಫೋಟೋ ತೆಗೆಯುವ ಚಪಲ ಬಿಡು. ಪಾಚಿ ಕಟ್ಟಿದ ಕಲ್ಲು, ಸಂದಿಯಲ್ಲಿ ಕಾಲು ಸಿಕ್ಕಿದರೆ ಕಥೆ ಮುಗಿಯಿತು. ಜೂನ್ ಬಂದರೆ ದಡಕ್ಕೇ ಹೋಗಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳೇ ಕಡಲಿಗಿಳಿಯುವುದಿಲ್ಲ, ನಮ್ಮದೇನು!

ಇನ್ನೊಂದು. ನೀವು ನಡೆಯುವ ದಾರಿ ಆ ಮನೆಗಳ ಅಂಗಳ. ಹೆಂಗಸರು ಮೀನು ಒಣಗಲು ಹಾಕಿರುತ್ತಾರೆ. ಅವರೆದುರು ಮೂಗು ಮುಚ್ಚಿಕೊಳ್ಳಬಾರದೆಂದು ಮಗಳಿಗೆ ಮನೆಯಲ್ಲೇ ಹೇಳಿಡು. ಕೈರಂಪಣಿ ಬಲೆ ಎಳೆಯುತ್ತಿದ್ದರೆ ನಿಂತು ನೋಡಿ. ಬಲೆಯ ಎರಡು ತುದಿಯ ಹಗ್ಗ ಹಿಡಿದು ಎರಡು ಸಾಲು ಜನ ದಡದಲ್ಲೇ ನಿಂತು ಎಳೆಯುತ್ತಾರೆ. ಬಿಗಿದ ಹಗ್ಗ ದಾಟಬೇಡಿ. ಕೇಳಿದರೆ ಹಗ್ಗದ ತುದಿ ಹಿಡಿಯಲು ಮಗುವಿಗೂ ಬಿಟ್ಟಾರು. ಬೂತಾಯಿ ಮೀನು ಮಿಂಚುತ್ತಾ ಮೇಲೆ ಬರುವಾಗ ದರ ಕೇಳಲು ಹೊರಡಬೇಡ, ಅವರಿಗೆ ಆಗ ಪುರುಸೊತ್ತಿರುವುದಿಲ್ಲ.

ತಿನ್ನಲು ಬನ್ಸ್ ಕಟ್ಟಿಸಿಕೊ, ಆರಿದರೂ ಚೆನ್ನಾಗಿರುತ್ತದೆ. ಖಾಲಿ ಪೊಟ್ಟಣ ವಾಪಸ್ ಚೀಲಕ್ಕೇ. ಬರುವಾಗ ಕಟಪಾಡಿ ಮೇಲೆ ಬಂದರೆ ಮಟ್ಟುಗುಳ್ಳ ಸಿಗುತ್ತದೋ ನೋಡು. ಯತಿ ವಾದಿರಾಜರು ಕೊಟ್ಟ ಬೀಜವೆಂದು ನಂಬುವ, 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದ ಬದನೆ ಅದು. ತಿಳಿಹಸಿರು, ಗುಂಡಗೆ, ತೊಟ್ಟಿನಲ್ಲಿ ಮುಳ್ಳು. ಎರಡು ಕಿಲೋ ತಾ. ನಿನ್ನ ದೊಡ್ಡಮ್ಮ ಮಧ್ಯಾಹ್ನಕ್ಕೆ ಹುಳಿ ಮಾಡುತ್ತಾಳಂತೆ, ಒಂದು ಗಂಟೆಯೊಳಗೆ ಬಂದರೆ ಬಿಸಿಬಿಸಿ.