ಹೊಸ ಎಂಜಿನ್ ನಿಜಕ್ಕೂ ಮೇಲೋ?

ಸ್ಟಾಕ್‌ಫಿಶ್ ಎಂಬ ಪುಕ್ಕಟೆ ಚೆಸ್ ಎಂಜಿನ್ನಿನ ಹೊಸ ಆವೃತ್ತಿ ಬಂದಾಗಲೆಲ್ಲ, ಹಂದನಕೆರೆಯಲ್ಲಿ ನನ್ನ ಹತ್ತಿರ ಆಟ ಕಲಿಯಲು ಬರುವ ಹುಡುಗರದು ಒಂದೇ ಪ್ರಶ್ನೆ: 'ಸಾರ್, ಹಳೇದಕ್ಕಿಂತ ಇದು ಎಷ್ಟು ಜೋರು?' ರಾತ್ರಿ ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಆಡಲು ಬಿಟ್ಟು ಮಲಗುತ್ತೇನೆ. ಬೆಳಗ್ಗೆ ಅಂಕ ನೋಡಿದರೆ ಉತ್ತರ ಸಿಕ್ಕಂತೆಯೇ ಕಾಣುತ್ತದೆ. ಸಿಕ್ಕಿರುವುದಿಲ್ಲ.

100 ಆಟದಲ್ಲಿ ಹೊಸದು 55 ಅಂಕ ಗಳಿಸಿತು ಅನ್ನಿ. ಎಲೋ ರೇಟಿಂಗ್ ಲೆಕ್ಕದಲ್ಲಿ ಅದು ಸುಮಾರು 35 ಹೆಚ್ಚು. ಆದರೆ ಅರ್ಧ ಆಟ ಡ್ರಾ ಆದರೂ, ಬರೀ ಅದೃಷ್ಟದಿಂದಲೇ ಆ ಸಂಖ್ಯೆ 50ರಷ್ಟು ಆಚೀಚೆ ಓಲಾಡಬಲ್ಲದು. ಹೊಸದೇ ಹಿಂದೆ ಬಿದ್ದಿರಲೂಬಹುದು! ಈ ಓಲಾಟವನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಆಟ ಬೇಕು. ಸ್ಟಾಕ್‌ಫಿಶ್ ತಂಡ 2013ರಿಂದ ಫಿಶ್‌ಟೆಸ್ಟ್ ಎಂಬ ಏರ್ಪಾಟಿನಲ್ಲಿ ಸ್ವಯಂಸೇವಕರ ಕಂಪ್ಯೂಟರುಗಳನ್ನು ಬಳಸಿ, ಒಂದೆರಡು ಎಲೋ ಅಂಕದ ಸುಧಾರಣೆಗೂ ಹತ್ತಾರು ಸಾವಿರ ಆಟ ಆಡಿಸುವುದು ಇದಕ್ಕೇ.

ಆಟ ಹೆಚ್ಚಿದ್ದರೆ ಸಾಲದು. ಬೋರ್‌ವೆಲ್ ಪಕ್ಕದ ತೆಂಗಿಗೆ ಒಂದು ಗೊಬ್ಬರ, ದಿಬ್ಬದ ಮೇಲಿನದಕ್ಕೆ ಇನ್ನೊಂದು ಹಾಕಿ ಯಾವ ಗೊಬ್ಬರ ಮೇಲು ಎಂದು ತೀರ್ಪು ಕೊಟ್ಟರೆ ನಮ್ಮೂರಲ್ಲಿ ಯಾರೂ ಒಪ್ಪುವುದಿಲ್ಲ. ಹಾಗೆಯೇ ಒಂದೊಂದು ಓಪನಿಂಗನ್ನೂ ಎರಡು ಸಲ, ಬಿಳಿ-ಕಪ್ಪು ಅದಲುಬದಲು ಮಾಡಿ, ಜೋಡಿಯಾಗಿ ಆಡಿಸಬೇಕು. ಒಂದು ಆವೃತ್ತಿಯನ್ನು ಸಂಜೆ, ಇನ್ನೊಂದನ್ನು ನಡುರಾತ್ರಿ ಮೂರನೆಯ ಎಂಜಿನ್ ಎದುರು ಆಡಿಸುವುದು ಇಲ್ಲಂತೂ ಬೇಡ: ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿದರೆ ಪ್ರೊಸೆಸರ್ ನಿಧಾನವಾಗುತ್ತದೆ, ಬಡಪಾಯಿ ಎಂಜಿನ್ ಸೋಲುತ್ತದೆ.

ಹುಡುಗರು ಹೆಚ್ಚು ನಂಬುವುದು ಎಂಜಿನ್ ಎಷ್ಟು ನಡೆ ಆಳಕ್ಕೆ ನೋಡಿದೆ ಎಂದು ಹೇಳುವ, ಪರದೆಯ ಮೇಲಿನ 'ಡೆಪ್ತ್' ಸಂಖ್ಯೆಯನ್ನು. ಎರಡು ಆವೃತ್ತಿಗಳ ನಡುವೆ ಅದನ್ನು ಹೋಲಿಸಿ ಪ್ರಯೋಜನವಿಲ್ಲ. ಯಾವ ನಡೆಗಳನ್ನು ಬಿಟ್ಟು ಮುಂದೆ ಹೋಗುತ್ತದೆ ಎಂಬುದು ಒಂದೊಂದರಲ್ಲೂ ಬೇರೆ. ವೇಗವೂ ಹಾಗೆಯೇ. 2020ರ ಸೆಪ್ಟೆಂಬರಿನಲ್ಲಿ ಬಂದ ಸ್ಟಾಕ್‌ಫಿಶ್ 12 ನ್ಯೂರಲ್ ನೆಟ್‌ವರ್ಕ್ ಸೇರಿಸಿಕೊಂಡು, ಸೆಕೆಂಡಿಗೆ ನೋಡುವ ಸ್ಥಿತಿಗಳ ಸಂಖ್ಯೆಯಲ್ಲಿ 11ಕ್ಕಿಂತ ಹಿಂದೆ ಬಿತ್ತು. ಆದರೂ ಅದರೆದುರು ಸೋತ ಜೋಡಿ ಆಟಗಳ ಹತ್ತು ಪಟ್ಟು ಗೆದ್ದಿತು ಎಂದು ತಂಡ ಪ್ರಕಟಿಸಿತು.

ಅಂಥ ಜಿಗಿತ ಅಪರೂಪ. ಇನ್ನು ಮುಂದೆ ಯಾರಾದರೂ 'ಹೊಸದು 30 ಅಂಕ ಮೇಲು' ಅಂದರೆ, ಎಷ್ಟು ಆಟ, ಎಷ್ಟು ಟೈಮು, ಯಾವ ಓಪನಿಂಗುಗಳು ಎಂದು ಕೇಳಿ. ಕಲಿಯುವ ಮಕ್ಕಳಿಗೆ ಹಳೆಯ 11 ಇವತ್ತಿಗೂ ಧಾರಾಳ ಸಾಕು.